ನಿನ್ನ ಮಂಚದ ಮೇಲಿನ ತೊಲೆ

ಅಪ್ಪಾ,

ನಿನ್ನ ಮಂಚದ ಮೇಲೆ ಯಾರಾದರೂ ಕೂತರೆ ಗದರುತ್ತಿದ್ದೆಯಲ್ಲ, ನೆನಪಿದೆಯಾ? ತಂಗಿ ಒಂದು ಮಧ್ಯಾಹ್ನ ಅಲ್ಲೇ ನಿದ್ದೆ ಹೋಗಿದ್ದಳು. ನೀನು ಅವಳನ್ನು ಎತ್ತಿಕೊಂಡು ಹೋಗಿ ಅಂಗಳದ ಚಾಪೆಯ ಮೇಲೆ ಮಲಗಿಸಿದೆ. ಎಂಥ ಸಿಡುಕಿನ ಮನುಷ್ಯ ಅಂದುಕೊಂಡಿದ್ದೆವು.

ಕಳೆದ ತಿಂಗಳು ರೋಜಾ ಬಡಾವಣೆಯ ಈ ಹಳೆಯ ಮನೆಗೆ ರಿಪೇರಿ ಹಚ್ಚಿದೆ. ಹೊಸ ಅಡುಗೆಕಟ್ಟೆ, ಗೋಡೆಗೆ ಬಣ್ಣ, ಅಷ್ಟೇ ಇದ್ದದ್ದು ಮನಸ್ಸಿನಲ್ಲಿ. ಅವ್ವನಿಗೆ ಧೂಳು ಆಗದೆಂದು ಅವಳನ್ನು ಕಮಲಾಪುರಕ್ಕೆ, ತಂಗಿಯ ಮನೆಗೆ ಕಳಿಸಿದ್ದೆ. ನಿನ್ನ ಮಂಚದ ಮೇಲ್ಗಡೆ ಗೋಡೆಗೆ ಹೊಡೆದಿದ್ದ ಹಲಗೆಗಳನ್ನು ಗಾರೆ ಕೆಲಸದ ಗೌಂಡಿ ಕಿತ್ತ. ಮಣ್ಣು ಸುರಿಯಿತು. ಮಣ್ಣಿನ ಮಾಳಿಗೆ ಚಾವಣಿಯನ್ನು ಹೊತ್ತಿದ್ದ ತೊಲೆಯ ತುದಿ ಗೆದ್ದಲು ತಿಂದು ಟೊಳ್ಳಾಗಿತ್ತು. ಅದರ ಕೆಳಗೊಂದು ಜಾಲಿಮರದ ತುಂಡು, ಕಲ್ಲುಚೂರು ತುರುಕಿ ಬಿಗಿ ಮಾಡಿದ್ದು.

"ಅಕ್ಕಾರ, ಮೊದಲ ಹೊರಗ ಬರ್ರಿ," ಎಂದ ಗೌಂಡಿ. "ಗೊತ್ತಿದ್ದವರೇ ಆಸರ ಕೊಟ್ಟು ಮುಚ್ಯಾರ ಇದನ್ನ."

ಆ ಹಲಗೆ ಹೊಡೆದವನು ನೀನು. ಹೊಸ ತೊಲೆಗೆ ನಿನ್ನ ಕೈಯಲ್ಲಿ ದುಡ್ಡಿರಲಿಲ್ಲ; ಮಾಳಿಗೆ ಬಿದ್ದರೆ ನಿನ್ನೊಬ್ಬನ ಮೇಲೆ ಬೀಳಲಿ ಅಂತ... ಮುಂದೆ ಬರೆಯಲಾರೆ. ಆದರೆ ಕಣ್ಣು ಮುಚ್ಚುವಾಗಲಾದರೂ ಹೇಳಬಾರದಿತ್ತೇ? ನೀನು ಹೋದಂದಿನಿಂದ ಅದೇ ಮಂಚದಲ್ಲಿ ಅವ್ವ ಮಲಗುತ್ತಿದ್ದಳು. ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ. ನಿನ್ನ ನೆನಪಿಗೆ ಅಂದುಕೊಂಡಿದ್ದೆ.

ಮರುದಿನವೇ ಕಮಲಾಪುರಕ್ಕೆ ಹೋದೆ. ಅವ್ವ ಹಿತ್ತಲಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ತೊಲೆಯ ಸುದ್ದಿ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಗೊತ್ತದ," ಅಂದಳು.

"ಅಪ್ಪ ಹೇಳಿದ್ನೇನು?"

"ಅವರೆಲ್ಲಿ ಹೇಳತಾರ? ಅವರು ಊರಿಗೆ ಹೋದಾಗ ನಾನೇ ಹಲಗಿ ಸರಿಸಿ ನೋಡಿದ್ದೆ. ನನಗ ಗೊತ್ತಾಗ್ಯದ ಅಂದ್ರ ಅವರಿಗೆ ನಿದ್ದಿ ಹತ್ತತಿದ್ದಿಲ್ಲ. ಸುಮ್ಮನಾದೆ."

"ಅಪ್ಪ ಹೋದ ಮ್ಯಾಲೆ ನೀ ಯಾಕ ಅಲ್ಲಿ ಮಲಗಿದಿ?"

"ನೀ ಮಲಗಬಾರದಂತ."

"ನನಗ ಒಂದು ಮಾತು ಹೇಳಬಾರದೇನವ್ವಾ?"

ಆಗ ಕೈ ನಿಂತಿತು. "ಅವರು ಮುಚ್ಚಿದ್ದನ್ನ ನಾ ಹೆಂಗ ತೆಗೀಲಿ?"

ನಿನಗೆ ಕೊನೆಯವರೆಗೂ ತಿಳಿಯದ ಸುದ್ದಿ ಇದು. ನೀನೊಬ್ಬನೇ ಹೆದರಿಕೊಂಡು ಮಲಗುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅವ್ವನೂ ಕಿವಿಗೊಟ್ಟು ಎಚ್ಚರವಿರುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಏನೂ ಹೇಳದೆ ಅಷ್ಟು ಮಳೆಗಾಲ ಹೇಗೆ ಕಳೆದಿರಿ? ನಿಮ್ಮಿಬ್ಬರ ಮೇಲೂ ನನಗೆ ಸಿಟ್ಟಿದೆ. ಸಿಟ್ಟೇ ಅದು, ಅಥವಾ...

ಈಗ ಅಲ್ಲಿ ಕಬ್ಬಿಣದ ತೊಲೆ ಕೂತಿದೆ. ಗೋಡೆಯನ್ನು ಬುಡದಿಂದ ಕಟ್ಟಿಸಿದೆ. ಆದರೆ ಅಡುಗೆಮನೆಯ ಗೋಡೆ ಬಡಿದರೆ ಅಲ್ಲೂ ಟೊಳ್ಳು ಸದ್ದು. ಸುದ್ದಿ ಕೇಳಿ ಅವ್ವ ಕಮಲಾಪುರದಲ್ಲಿ ನಿಲ್ಲಲಿಲ್ಲ, ಬಸ್ಸು ಹತ್ತಿ ಬಂದುಬಿಟ್ಟಳು. "ನನ್ನ ಮುಂದನ ತೆಗೀರಿ," ಎಂದಿದ್ದಾಳೆ ಗೌಂಡಿಗೆ.

ನಾಳೆ ಬೆಳಿಗ್ಗೆ ತೆಗೆಯುತ್ತಾರೆ. ಒಳಗೆ ಏನೇ ಇರಲಿ ಅಪ್ಪಾ, ಅವ್ವನೂ ನಾನೂ ಒಟ್ಟಿಗೇ ನೋಡುತ್ತೇವೆ.

ನಿನ್ನ ದೊಡ್ಡ ಮಗಳು