ಹನ್ನೊಂದನೇ ಪುಟದ ಪೊಲೀಸಪ್ಪ

ಆಮೋಸಣ್ಣಾ,

ಕಾರ್ನ್‌ಬ್ರೆಡ್ ಒಲೆ ಮೇಲಿದೆ, ತಿಂದು ಹೊರಡು.

ವಕೀಲರಿಲ್ಲದೆ ನೀನೇ ಪೊಲೀಸರ ಮೇಲೆ ಹೂಡಿದ ದಾವೆ ವಜಾ ಆಯಿತಲ್ಲ, ಮೇಲ್ಮನವಿಗೆ ಇವತ್ತೇ ಕೊನೇ ದಿನ. ಹಾಳೆ ಮೇಜಿನ ಮೇಲಿದೆ. ಸಹಿ ನೀನೇ ಹಾಕಬೇಕಂತೆ, ನಾನು ಹಾಕಿದರೆ ನಡೆಯೋದಿಲ್ಲವಂತೆ. ನಾಲ್ಕು ಗಂಟೆಯೊಳಗೆ ಕೊಡು. ಮೇಲಿನ ಕೋರ್ಟಿಗಲ್ಲ, ವಜಾ ಮಾಡಿದ ಕೋರ್ಟಿಗೇ! ಯಾಕೆ ಹೀಗೋ, ಕೇಳಿದಷ್ಟೂ ನನ್ನ ತಲೆ ಕೆಡುತ್ತೆ.

ನೀನು ಸುಳ್ಳು ಹೇಳಿದೆ ಅಂತ ಜಡ್ಜ್ ಎಲ್ಲೂ ಬರೆದಿಲ್ಲ. ಯಾರು, ಯಾವತ್ತು, ಏನು ಮಾಡಿದರು ಅಂತ ದಾವೆಯ ದೂರಿನಿಂದ ಗೊತ್ತಾಗಲಿಲ್ಲವಂತೆ. ದೂರು ಬರೆದುಕೊಟ್ಟವಳು ನಾನು. ಅಜ್ಜಿ ಕಥೆ ಹೇಳೋ ಹಾಗೆ ಮುತ್ತಜ್ಜನ ಮಿಸಿಸಿಪ್ಪಿ ಹತ್ತಿಹೊಲದಿಂದ ಶುರುಮಾಡಿದೆ. ಚರ್ಚಿನಿಂದ ನಡೆದು ಬರುತ್ತಿದ್ದ ನಿನಗೆ ಬೇಡಿ ಹಾಕಿದ ಪೊಲೀಸಪ್ಪ ಬರೋದು ಹನ್ನೊಂದನೇ ಪುಟದಲ್ಲಿ. ಅಲ್ಲಿವರೆಗೆ ಜಡ್ಜ್ ಓದಿದರೋ ಇಲ್ಲವೋ.

ಬೈಬೇಡ. ಈ ಸಲ ಒಂದೇ ಹಾಳೆ, ನಿನ್ನ ಹೆಸರಿನಿಂದಲೇ ಶುರು.

ನಿನ್ನ ತಂಗಿ ಓಡೆಸಾ