ಭಾನುವಾರದ ಕಸ್ಟರ್ಡ್

ಹಂಗಾರಕಟ್ಟೆ
೧೬ ಡಿಸೆಂಬರ್ ೨೦೨೫, ಮಂಗಳವಾರ ಸಂಜೆ

ಪ್ರೀತಿಯ ಮಗಳು ಸ್ವಾತಿಗೆ,

ಅಪ್ಪಯ್ಯನ ಆಶೀರ್ವಾದಗಳು. ನಿನ್ನ ಅತ್ತೆಯ ಸೊಂಟ ಈಗ ಹೇಗಿದೆ? ಆಪರೇಷನ್ ಆದ ಮೇಲೆ ಕೋಲು ಹಿಡಿದು ನಾಲ್ಕು ಹೆಜ್ಜೆ ಇಟ್ಟರು ಎಂದು ಕೇಳಿ ಸಮಾಧಾನವಾಯಿತು. ಅವರ ಚಾಕರಿಯ ನಡುವೆ ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ನಿನ್ನ ಅಮ್ಮನಿಗೆ ಮಂಡಿನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಬಂದಿಲ್ಲ. ನಿನ್ನ ತಮ್ಮ ರವಿಚಂದ್ರನ ಬೋಟು ಶುಕ್ರವಾರ ದಡಕ್ಕೆ ಬಂದು ಶನಿವಾರವೇ ಮತ್ತೆ ಕಡಲಿಗೆ ಹೋಯಿತು. ದಿನಾ ಫೋನಿನಲ್ಲಿ ಮಾತಾಡುವಾಗ ಕಾಗದ ಯಾಕೆ ಎಂದು ನೀನು ಕೇಳಬಹುದು. ಫೋನು ಬಂತೆಂದರೆ ಪ್ರೇಕ್ಷಾ ನನ್ನ ತೊಡೆಗೆ ಅಂಟಿಕೊಂಡೇ ಕೂತಿರುತ್ತಾಳೆ, ವಿಷಯವೋ ನಿನ್ನ ಆ ಮಗಳದ್ದೇ. ನಮ್ಮ ಕೇರಿಯ ಮುತ್ತ ನಾಳೆ ಮಧ್ಯಾಹ್ನ ಮುಂಬೈ ರೈಲು ಹತ್ತುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಒಂಬತ್ತು ವರ್ಷದ ಮಗು ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಸಿಕೊಳ್ಳುವಾಗ ನಾನು ಈಗಲೂ ಮುಖ ಆಚೆ ತಿರುಗಿಸುತ್ತೇನೆ. ನೀನು ಗೋಡೆಗೆ ಅಂಟಿಸಿ ಹೋದ ಚೀಟಿಯ ಪ್ರಕಾರವೇ ಎಲ್ಲ ನಡೆಸುತ್ತಿದ್ದೇನೆ. ತಿನ್ನುವುದರಲ್ಲಿ ಎಷ್ಟು ಕಾರ್ಬೋಹೈಡ್ರೇಟ್ ಎಂದು ನೋಡುವುದು, ಹದಿನೈದು ಗ್ರಾಮಿಗೆ ಒಂದು ಯೂನಿಟ್ ಇನ್ಸುಲಿನ್. ಲೆಕ್ಕ ನನ್ನದು, ಸೂಜಿ ನಿನ್ನ ಅಮ್ಮನದು. ವಾರದ ಆರು ದಿನ ರಕ್ತದ ಸಕ್ಕರೆ ಹೇಳಿದ ಮಾತು ಕೇಳುತ್ತದೆ. ಭಾನುವಾರ ಸಂಜೆ ಮಾತ್ರ ಮುನ್ನೂರು ಮುಟ್ಟುತ್ತದೆ. ಐದು ಭಾನುವಾರವೂ ಇದೇ ಕಥೆ. ಪ್ರತಿ ಸಲ ಕುಂದಾಪುರದ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಷ್ಟು ಮತ್ತೆ ಕೊಟ್ಟು ಇಳಿಸಿದ್ದೇವೆ. ಅದನ್ನು ನಿನಗೆ ಇಲ್ಲಿಯವರೆಗೆ ಹೇಳಲಿಲ್ಲ, ಬೈಯುವುದಿದ್ದರೆ ಬೈ.

ಭಾನುವಾರಕ್ಕೊಂದು ದೊಡ್ಡ ಕಪ್ ಐಸ್‌ಕ್ರೀಂ ನೀನೇ ಒಪ್ಪಿದ್ದೆಯಲ್ಲ. ನೀನು ಮುಂಬೈಗೆ ಹೋದ ವಾರವೇ ಬ್ರಹ್ಮಾವರದಲ್ಲಿ ಬೈಂದೂರು ಕಡೆಯ ಯತೀಶ್ ಎಂಬವನು ಹೊಸ ಅಂಗಡಿ ತೆರೆದ. ಅವನು ಮಾರುವುದು ಫ್ರೋಜನ್ ಕಸ್ಟರ್ಡ್ ಅಂತೆ. ಹಾಲು, ಕೆನೆ, ಸಕ್ಕರೆಗೆ ಮೊಟ್ಟೆಯ ಹಳದಿ ಸೇರಿಸಿ ಕಾಯಿಸಿ, ಆಮೇಲೆ ಯಂತ್ರದಲ್ಲಿ ತಿರುಗಿಸಿ ಹೆಪ್ಪುಗಟ್ಟಿಸುವುದು. ಮಗುವಿಗೆ ಅದೇ ಬೇಕು. ಗೋಡೆಯಲ್ಲಿ ಬೋರ್ಡು ಹಾಕಿದ್ದಾನೆ: ನೂರು ಗ್ರಾಮಿಗೆ ಶಕ್ತಿ ಇನ್ನೂರ ಇಪ್ಪತ್ತು ಕ್ಯಾಲರಿ, ಕೊಬ್ಬು ಹನ್ನೆರಡು, ಪ್ರೋಟೀನ್ ಐದು, ಕಾರ್ಬೋಹೈಡ್ರೇಟ್ ಇಪ್ಪತ್ತನಾಲ್ಕು ಗ್ರಾಂ. ಕನ್ನಡಕ ಒರೆಸಿ ಎರಡು ಸಲ ಓದಿದೆ. ಕಪ್ಪು ನಮ್ಮ ಹಳೆಯ ಐಸ್‌ಕ್ರೀಮಿನದೇ ಅಳತೆ, ನಿನ್ನ ಚೀಟಿಯಲ್ಲಿ ಅದಕ್ಕೆ ನೂರು ಗ್ರಾಂ ಎಂದೇ ಇದೆ. ನಿನ್ನ ಅಮ್ಮ ಒಂದು ದಿನ, "ನಿಮ್ ಲೆಕ್ಕ ಸಮ ಇತ್ತಾ ಕಾಣಿ ಒಂದ್ಸಲ" ಎಂದಳು. ನಲವತ್ತು ವರ್ಷ ಐಸ್ ಪ್ಲಾಂಟಿನಲ್ಲಿ ದುಡಿದವನಿಗೆ! ಮೀನಿಗೆ ಹಾಕುವ ಪುಡಿ ಐಸ್ ಕ್ರೇಟಿಗೆ ಎಷ್ಟು ಕಿಲೋ ಹಿಡಿಯುತ್ತದೆ ಎಂದು ತಕ್ಕಡಿ ಮುಟ್ಟದೆ ಹೇಳುತ್ತಿದ್ದೆ, ಬೋಟಿನವರು ಒಬ್ಬರೂ ಎದುರು ಮಾತಾಡಿದ್ದಿಲ್ಲ.

ಹಾಗಾಗಿ ಸಂಶಯ ಒಬ್ಬೊಬ್ಬರ ಮೇಲೆ ಹೋಯಿತು. ಮೊದಲು ನಿನ್ನ ಅಮ್ಮನ ಮೇಲೆ. ಬೆಲ್ಲದ ಡಬ್ಬಿಯ ಮುಚ್ಚಳಕ್ಕೆ ದಾರ ಕಟ್ಟಿ ಗುರುತು ಇಟ್ಟೆ, ದಾರ ಅಲುಗಲಿಲ್ಲ. ಅವಳಿಗೆ ಗೊತ್ತಾಗಿ ಎರಡು ದಿನ ನನಗೆ ಚಹಾ ಸಿಗಲಿಲ್ಲ. ಆಮೇಲೆ ಪಕ್ಕದ ಮನೆಯ ಚಂದನಾ. ಇಬ್ಬರೂ ಭಾನುವಾರ ಇಡೀ ಒಟ್ಟಿಗೇ ಆಡುವುದು, ಆ ಹುಡುಗಿಯ ಫ್ರಾಕಿನ ಕಿಸೆ ಯಾವಾಗಲೂ ಉಬ್ಬಿರುತ್ತದೆ. ಮೊನ್ನೆ ಭಾನುವಾರ ಮುನ್ನೂರ ಹನ್ನೆರಡು ಬಂದಾಗ ನನಗೆ ತಡೆಯಲಾಗಲಿಲ್ಲ. ಪ್ರೇಕ್ಷಾಳ ಶಾಲೆಯ ಚೀಲ ಚಾವಡಿಯಲ್ಲಿ ಬುಡಮೇಲು ಮಾಡಿದೆ. ರಬ್ಬರು, ಪೆನ್ಸಿಲು, ಕಪ್ಪೆಚಿಪ್ಪು, ಅಷ್ಟೇ. "ನಾನ್ ಎಂತದೂ ತಿನ್ಲಿಲ್ಲ ಅಜ್ಜಯ್ಯ" ಎಂದು ಒಂದೇ ಹಟ. ನಿಜ ಹೇಳುವವರೆಗೆ ನಾನು ಅನ್ನ ಮುಟ್ಟುವುದಿಲ್ಲ ಎಂದು ಚಾಪೆ ಹಾಸಿ ಕೂತೆ. ಸೋಮವಾರ ಎರಡು ಹೊತ್ತೂ ಉಣ್ಣಲಿಲ್ಲ. ಇವತ್ತು ಬೆಳಿಗ್ಗೆ ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತು, ಚಂದನಾ ಕೊಟ್ಟ ಚಿಕ್ಕಿ ತಿಂದೆ ಎಂದು ಒಪ್ಪಿಕೊಂಡಳು. ನೋಡಿದೆಯಾ, ನನ್ನ ಮೂಗು ಸುಳ್ಳು ಹೇಳುವುದಿಲ್ಲ. ಗಂಜಿಗೆ ಒಣ ಸಿಗಡಿ ಚಟ್ನಿ ಹಾಕಿಸಿಕೊಂಡು ಎರಡು ಬಟ್ಟಲು ಉಂಡೆ.

ಆದರೆ ಉಂಡು ಕೈ ತೊಳೆಯುವಾಗ ಮತ್ತೆ ತಲೆಗೆ ಸಂಶಯದ ಹುಳ ಹೊಕ್ಕಿತು. ಒಂದು ಚಿಕ್ಕಿಯಿಂದ ಸಕ್ಕರೆ ಅಷ್ಟು ಏರಲು ಸಾಧ್ಯವಿಲ್ಲ. ಒಂದೋ ಇವಳು ಇನ್ನೂ ಏನೋ ಮುಚ್ಚಿಡುತ್ತಿದ್ದಾಳೆ, ಇಲ್ಲವೇ ಆ ಯತೀಶನ ಬೋರ್ಡು ಸುಳ್ಳು. ನಾಳೆ ಬೆಳಿಗ್ಗೆ ಮೀನು ಮಾರುವ ಸರೋಜಳ ತಕ್ಕಡಿ ತೆಗೆದುಕೊಂಡು ಹೋಗಿ, ಅವನು ಹಾಕುವ ಸಕ್ಕರೆಯನ್ನು ನನ್ನ ಕಣ್ಣೆದುರೇ ತೂಗಿಸುತ್ತೇನೆ. ನೀನು ಫೋನಿನಲ್ಲಿ ಮಗಳನ್ನು ಮೆಲ್ಲಗೆ ವಿಚಾರಿಸು. ನನ್ನ ಹತ್ತಿರ ಮುಚ್ಚಿಟ್ಟದ್ದನ್ನು ನಿನ್ನ ಹತ್ತಿರ ಹೇಳಿಯಾಳು. ಅವಳು ಎರಡು ದಿನದಿಂದ ನನ್ನ ಪಕ್ಕ ಮಲಗುತ್ತಿಲ್ಲ. ಬೇಸರವಾಗುತ್ತದೆ, ಆದರೆ ಅವಳ ಜೀವದ ಪ್ರಶ್ನೆ, ನಾನು ಸಡಿಲ ಬಿಡುವವನಲ್ಲ.

ಅತ್ತೆಯವರಿಗೆ ನಮ್ಮಿಬ್ಬರ ನಮಸ್ಕಾರ ಹೇಳು. ನೀವೆಲ್ಲ ಅಲ್ಲಿ ಚೆನ್ನಾಗಿರಿ, ನೀನು ಬೇಗ ಊರಿಗೆ ಬರುವಂತಾಗಲಿ.

ನಿನ್ನ ಅಪ್ಪಯ್ಯ,
ಗಣಪ

ವಿ.ಸೂ.: ಬುಧವಾರ. ಮುತ್ತ ಅಂಗಳದಲ್ಲಿ ಅವಸರ ಮಾಡುತ್ತಿದ್ದಾನೆ. ತಕ್ಕಡಿ ಹೊತ್ತುಕೊಂಡು ಹೋಗಿ ಅಂಗಡಿಯಲ್ಲಿ ಗಲಾಟೆ ಎಬ್ಬಿಸಿದೆ. ಯತೀಶ್ ಎಲ್ಲ ಕೇಳಿ, "ಕಪ್ ತೂಗಿದ್ರ್ಯಾ ನೀವ್?" ಎಂದು ಒಂದೇ ಮಾತು ಕೇಳಿದ. ತುಂಬಿದ ಕಪ್ಪು ತಕ್ಕಡಿಗೆ ಇಟ್ಟೆವು. ಖಾಲಿ ಕಪ್ಪಿನ ತೂಕ ಕಳೆದು ನೂರ ಎಂಬತ್ತೈದು ಗ್ರಾಂ. ಐಸ್‌ಕ್ರೀಮಿಗೆ ಯಂತ್ರ ಗಾಳಿ ತುಂಬಿಸುತ್ತದೆ, ಪುಡಿ ಐಸಿನ ಹಾಗೆ ಅರ್ಧ ಗಾಳಿ. ಕಸ್ಟರ್ಡ್ ಯಂತ್ರ ನಿಧಾನ ತಿರುಗುತ್ತದೆ, ಅದರಲ್ಲಿ ಗಾಳಿ ತೀರಾ ಕಡಿಮೆ. ಕಪ್ಪು ಅದೇ, ತೂಕ ಹತ್ತಿರ ಹತ್ತಿರ ಎರಡರಷ್ಟು. ಕಾರ್ಬೋಹೈಡ್ರೇಟ್ ಕಪ್ಪಿಗೆ ಇಪ್ಪತ್ತನಾಲ್ಕು ಗ್ರಾಂ ಎಂದುಕೊಂಡದ್ದು ನಲವತ್ತನಾಲ್ಕು. ಬೋರ್ಡು ಸರಿಯಾಗಿಯೇ ಇತ್ತು ಸ್ವಾತಿ. ಐದು ಭಾನುವಾರ ಮಗುವಿಗೆ ಇನ್ಸುಲಿನ್ ಕಡಿಮೆ ಕೊಟ್ಟವನು ನಾನು. ಡಾಕ್ಟರಿಗೆ ಫೋನ್ ಮಾಡಿ ಹೇಳಿದ್ದೇನೆ. ಬರುವಾಗ ಚಂದನಾಳ ತಾಯಿಯನ್ನು ಕೇಳಿದರೆ, ಅವರ ಮನೆಗೆ ಈ ತಿಂಗಳು ಚಿಕ್ಕಿಯನ್ನೇ ತಂದಿಲ್ಲವಂತೆ. ನೇರ ಶಾಲೆಗೆ ಹೋದೆ. ಊಟದ ಗಂಟೆ ಹೊಡೆದಿತ್ತು. ತಿನ್ನದೆ ಇದ್ದವಳು ತಿಂದೆ ಎಂದು ಯಾಕೆ ಹೇಳಿದೆ ಮಗಾ ಎಂದು ಕೇಳಿದೆ. ತಟ್ಟೆಯಿಂದ ತಲೆ ಎತ್ತದೆ, "ನೀವ್ ಉಂಬುದಿಲ್ಲ ಅಂದೇಳಿ ಕೂಕಂಡಿದ್ರಿ ಅಲ್ದಾ" ಎಂದಳು. ನೀನು ಫೋನಿನಲ್ಲಿ ಅವಳನ್ನು ಏನೂ ವಿಚಾರಿಸಬೇಡ. ವಿಚಾರಿಸುವುದಿದ್ದರೆ ನನ್ನನ್ನು ವಿಚಾರಿಸು.