ಇಬ್ಬರ ಕಂಪನಿ

ಜೂನ್ 2, ಸೋಮವಾರ

ಬೆಳಗ್ಗೆಯೇ ಡ್ರೈಯರ್ ಶುರು ಮಾಡಿಸಿದೆ. ತಿಂಡಿಯೂ ಶೆಡ್ಡಿನಲ್ಲೇ. ಮಧ್ಯಾಹ್ನ ಕರೆಂಟು ಹೋಯಿತು. ತೆಂಗಿನ ತುರಿ ಅರ್ಧ ಒಣಗಿ ನಿಂತಿತು. ಸಂಜೆಗೆ ಹುಳಿ ವಾಸನೆ... ಒಳ್ಳೆ ಪುಡಿಯ ಜೊತೆ ಬೆರೆಸಿ ಲಾರಿಗೆ ಹಾಕಿ ಅಂದ ತಮ್ಮ ತೋಂಟದಾರ್ಯ. ಬೇಡ ಅಂದೆ. ಹಮಾಲರು ಅವನ ಮುಖ, ನನ್ನ ಮುಖ ನೋಡುತ್ತ ನಿಂತರು. ಶಟರ್ ಎಳೆದು ಬೀಗ ಹಾಕಿದೆ. ಲಾರಿ ಖಾಲಿ ಹೋಯಿತು.

ಅಪ್ಪ ಹೋದ ಮೇಲೆ ಇಬ್ಬರೂ ಸೇರಿ ಹೊನ್ನವಳ್ಳಿಯಲ್ಲಿ ಮಾಡಿದ ತೆಂಗಿನ ಪುಡಿಯ ಪಾಲುದಾರಿಕೆ ಕಂಪನಿ, ಎಲ್ಎಲ್‌ಪಿ ಇದು. ಅವನೂ ಪಾರ್ಟ್ನರ್, ನಾನೂ ಪಾರ್ಟ್ನರ್. ಅವನು ಲೋಡ್ ಮಾಡಿ ಅನ್ನಬಹುದಾದರೆ ನಾನು ಬೇಡ ಅನ್ನಬಹುದು.

ಜೂನ್ 5, ಗುರುವಾರ

ತೋಂಟದಾರ್ಯ ತಿಪಟೂರಿಗೆ ಕರೆಸಿದ್ದ, ಆಡಿಟರ್ ಗಂಗಾಧರ್ ಆಫೀಸಿಗೆ. ಹೊಸ ಅಗ್ರಿಮೆಂಟ್ ರೆಡಿ. ಇನ್ನು ಮೇಲೆ ಅವನೊಬ್ಬನೇ ಮ್ಯಾನೇಜಿಂಗ್ ಪಾರ್ಟ್ನರ್. ಖರೀದಿ, ಮಾರಾಟ, ಕೆಲಸದವರು, ಬ್ಯಾಂಕು — ಎಲ್ಲ ಅವನ ಕೈಗೆ. ಗಿರಿಜಾಂಬಿಕಾ ಅನ್ನುವವಳು, ಅಂದರೆ ನಾನು, ಲಾಭದ ಪಾಲು ತಗೊಂಡು ಮನೆಯಲ್ಲಿರುವುದು. ಸ್ಲೀಪಿಂಗ್ ಪಾರ್ಟ್ನರ್ ಅಂತೆ! ಕತ್ತಲಿರುವಾಗಲೇ ಎದ್ದು ಬಾಯ್ಲರಿಗೆ ಚಿಪ್ಪು ಹಾಕಿಸುವವಳು ನಾನು.

"ಒಂದ್ ಕಂಪ್ನಿಗೆ ಒಂದೇ ತಲೆ ಇರ್ಬೇಕು ಕಣಕ್ಕ. ಇಬ್ರೂ ಹೇಳುದ್ರೆ ಕೆಲಸದೋರು ಯಾರ ಮಾತು ಕೇಳ್ಬೇಕು?"

ಪ್ರಶ್ನೆ ಸರಿ. ಉತ್ತರ ಸರಿಯಿಲ್ಲ. ವ್ಯಾಪಾರ ನಿನಗಿರಲಿ, ಶೆಡ್ಡು ಮತ್ತು ಮಾಲಿನ ಗುಣಮಟ್ಟ ನನಗಿರಲಿ, ಹಾಗಂತ ಬರೆಸು ಎಂದೆ. ಒಪ್ಪಲಿಲ್ಲ. ಇಬ್ಬರ ಸಹಿಯೂ ಇಲ್ಲದೆ ಏನೂ ಬದಲಾಗುವುದಿಲ್ಲ ಅಂದರು ಗಂಗಾಧರ್. ಸಹಿ ಹಾಕದೆ ಎದ್ದು ಬಂದೆ.

ಬಸ್ಸಿನಲ್ಲಿ ಟಿಕೆಟ್ಟು ಹರಿದು ಚೂರು ಮಾಡಿದೆ. ಸಿಟ್ಟಿಗೆ. ಬರೀ ಸಿಟ್ಟಿಗೂ ಅಲ್ಲ... ನಾನು ಎತ್ತಿ ಆಡಿಸಿದವನು ಅವನು.

ಜೂನ್ 23, ಸೋಮವಾರ

ಇಷ್ಟು ದಿನ ತೋಂಟದಾರ್ಯ ಶೆಡ್ಡಿನ ಕಡೆ ತಲೆ ಹಾಕಿರಲಿಲ್ಲ. ಇವತ್ತು ಶೆಡ್ಡಿಗೆ ಬಂದ. ಕಂಪನಿ ಬಿಡುತ್ತಾನಂತೆ. ಮೂವತ್ತು ದಿನದ ನೋಟಿಸ್ ಕೈಗೇ ಕೊಟ್ಟ. ಎಲ್ಎಲ್‌ಪಿಗೆ ಕಡಿಮೆ ಎಂದರೆ ಇಬ್ಬರು ಬೇಕು, ಒಬ್ಬಳೇ ಎಷ್ಟು ದಿನ ನಡೆಸ್ತೀಯ ನೋಡ್ತೀನಿ ಎಂದ. ಬೇಡಿಕೊಳ್ಳುತ್ತೇನೆ ಅಂದುಕೊಂಡಿದ್ದ.

"ಹೋಗಂಗಿದ್ರೆ ಹೋಗು. ಹುಳಿ ಹತ್ತಿದ್ ಪುಡಿ ಮಾತ್ರ ಈ ಬಾಗ್ಲು ದಾಟಲ್ಲ."

ಕೆಲಸದವರೆಲ್ಲ ಕೇಳಿಸಿಕೊಂಡರು. ಕೇಳಲಿ.

ಜೂನ್ 25

ಚಿಕ್ಕಪ್ಪನ ಮಗ ಮಲ್ಲೇಶನನ್ನು ಪಾರ್ಟ್ನರ್ ಆಗು ಅಂತ ಕೇಳಿದೆ. ಅಕ್ಕ ತಮ್ಮನ ಮಧ್ಯೆ ತಾನು ಬರಲ್ಲ ಅಂದ. ಹುಳಿಯಾರಿನ ಗೆಳತಿ ಫೋನೇ ಎತ್ತಲಿಲ್ಲ. ಡ್ರೈಯರ್ ಮಾತ್ರ ನಿಲ್ಲಿಸಿಲ್ಲ.

ಜುಲೈ 6, ಭಾನುವಾರ

ಭಾನುಪ್ರಿಯಾ ಬಂದಿದ್ದಳು. ತೋಂಟದಾರ್ಯನ ಹೆಂಡತಿ. ರಾಜಿ ಮಾಡಿಸಲು ಕಳಿಸಿದ್ದಾನೆ ಅಂದುಕೊಂಡು ಮುಖ ಗಂಟು ಹಾಕಿಕೊಂಡೇ ಕೂತೆ. ನೀರು ಕುಡಿದಳು. ಲೋಟ ಕೆಳಗಿಟ್ಟಳು.

"ಕಂಪ್ನಿಗೆ ನನ್ ಹೆಸ್ರು ಹಾಕ್ಸಿ ಅತ್ತಿಗೆ."

ಗಂಡ ಬಿಟ್ಟ ಜಾಗಕ್ಕಾ ಅಂದೆ.

"ಅವ್ರ ಜಾಗಕ್ಕಲ್ಲ. ನನ್ ಜಾಗಕ್ಕೆ."

ತವರಿನವರು ಕೊಟ್ಟ ತೋಟ ಅವಳ ಹೆಸರಲ್ಲೇ ಇದೆ. ಆ ಕಾಯಿ ನಮ್ಮ ಶೆಡ್ಡಿಗೇ ಬರುತ್ತದೆ. ಅವಳನ್ನು ಒಂದು ಮಾತು ಕೇಳಿದವರಿಲ್ಲ. ಒಂದು ಷರತ್ತು ಹಾಕಿದಳು — ಸುಮ್ಮನೆ ಹೆಸರಿಗಲ್ಲ, ತಾನು ಬೇಡ ಅಂದರೂ ಬೇಡವೇ ಆಗಬೇಕು. ಒಂದು ಕ್ಷಣ ನನಗೂ ಅನ್ನಿಸಿತು, ಒಂದೇ ತಲೆ ಇದ್ದರೆ ಎಷ್ಟು ಸುಲಭ... ನಾಚಿಕೆಯಾಯಿತು. ಒಪ್ಪಿದೆ.

ಮನೆಯಲ್ಲಿ ಹೇಳಿದ್ದೀಯಾ ಅಂದೆ. ಹೇಳ್ತೀನಿ ಅಂದಳು.

ಜುಲೈ 24, ಗುರುವಾರ, ಮಧ್ಯಾಹ್ನ

ಗಂಗಾಧರ್ ಆಫೀಸಿನಲ್ಲೇ ಕೂತು ಬರೆಯುತ್ತಿದ್ದೇನೆ. ನೋಟಿಸಿನ ಅವಧಿ ನಿನ್ನೆ ಮುಗಿಯಿತು. ತೋಂಟದಾರ್ಯ ಈಗ ಹೊರಗಿನವನು. ಭಾನು ಪಾರ್ಟ್ನರ್ ಆಗಲು ಅವಳ ಡಿಜಿಟಲ್ ಸಹಿ ಆಗಬೇಕು. ಅದಕ್ಕೆ ಕ್ಯಾಮೆರಾ ಮುಂದೆ ಹೆಸರು ಹೇಳಬೇಕಂತೆ.

ಅವಳ ಫೋನು ಬಡಿದುಕೊಳ್ಳುತ್ತಿದೆ. ಗಂಡನದು. ನೋಡಿ ಮಗುಚಿಟ್ಟಳು.

ಕೆಳಗೆ ಬೈಕು ನಿಂತ ಸದ್ದು. ಮೆಟ್ಟಿಲ ಮೇಲೆ ಚಪ್ಪಲಿ — ಅವನದೇ ನಡಿಗೆ. ರೆಕಾರ್ಡಿಂಗ್ ನಿಲ್ಲಿಸಲಾ ಅನ್ನುವಂತೆ ಗಂಗಾಧರ್ ನನ್ನನ್ನು ನೋಡಿದರು. ನಾನು ಭಾನುವನ್ನು ನೋಡಿದೆ.

ಬಾಗಿಲ ಕಡೆ ತಿರುಗಲಿಲ್ಲ ಅವಳು. ಸೆರಗು ಸರಿಮಾಡಿಕೊಂಡು ಹೆಸರು ಹೇಳಿದಳು. ಮೆಟ್ಟಿಲಿಗೂ ಕೇಳುವಷ್ಟು ಗಟ್ಟಿಯಾಗಿ. ಅವನು ಒಳಗೆ ಬರುವಷ್ಟರಲ್ಲಿ ಹೆಸರು ದಾಖಲಾಗಿತ್ತು.